ಫೈಬರ್ ದೋಣಿ ಕಟ್ಟುವವರ ಕಷ್ಟ

ನಾವು ಕರಾವಳಿಯವರು. ದೋಣಿ ನಮಗೆ ಹೊಸದಲ್ಲ. ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕಾರವಾರ, ಎಲ್ಲಿಗೆ ಹೋದರೂ ದಡದಲ್ಲಿ ದೋಣಿ ಕಾಣುತ್ತದೆ. ದೋಣಿ ಕಡಲಿಗೆ ಹೋಗುವುದನ್ನು ನಾವು ನೋಡಿದ್ದೇವೆ. ಅದು ಮೀನು ತುಂಬಿಕೊಂಡು ಬರುವುದನ್ನೂ ನೋಡಿದ್ದೇವೆ. ಬುಟ್ಟಿ ಹಿಡಿದು ಕಾಯ್ದಿದ್ದೇವೆ. ಆದರೆ ದೋಣಿ ಕಟ್ಟುವ ಶೆಡ್ಡಿನ ಒಳಗೆ ಹೋಗಿ ನೋಡಿದವರು ನಮ್ಮಲ್ಲಿ ಎಷ್ಟು ಜನ?

ಆ ಶೆಡ್ಡಿಗೆ ಕೆಲಸಕ್ಕೆ ಹೋಗುವವರು ನಮ್ಮ ಮನೆಯವರೇ. ಗಂಡ ಹೋಗುತ್ತಾನೆ, ಮಗ ಹೋಗುತ್ತಾನೆ, ತಮ್ಮ ಹೋಗುತ್ತಾನೆ. ಕೆಲವು ಕಡೆ ಹೆಂಗಸರೂ ಮ್ಯಾಟ್ ಕತ್ತರಿಸಲು, ಡಬ್ಬಿ ಎತ್ತಿ ಕೊಡಲು, ಗುಡಿಸಲು ಹೋಗುತ್ತಾರೆ. ಅಲ್ಲಿಂದ ಬಂದ ಬಟ್ಟೆ ಒಗೆಯುವವರಂತೂ ನಾವೇ. ಹಾಗಾಗಿ ಆ ಕೆಲಸದ ವಿಷಯ ನಮಗೆ ತಿಳಿದಿರಬೇಕು.

ಮರ ಹೋಗಿ ಫೈಬರ್ ಬಂತು

ಮೊದಲು ದೋಣಿ ಮರದ್ದೇ ಆಗಿತ್ತು. ದೊಡ್ಡ ಮಾವಿನ ಮರ ಕೊರೆದು ಪಾತಿ ಮಾಡುತ್ತಿದ್ದರು. ದೊಡ್ಡ ದೋಣಿಗೆ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಮರಕ್ಕೆ ಹುಳು ಕೊರೆಯದ ಹಾಗೆ ಎಣ್ಣೆ ಬಳಿಯಬೇಕಿತ್ತು. ಎಣ್ಣೆ ಬಳಿದರೂ ಹುಳು ಬಿಡುತ್ತಿರಲಿಲ್ಲ. ಬರಬರುತ್ತಾ ದೊಡ್ಡ ಮರ ಸಿಗುವುದು ಕಷ್ಟವಾಯಿತು. ಸಿಕ್ಕಿದರೂ ಬೆಲೆ ಕೇಳುವ ಹಾಗಿಲ್ಲ.

ಗಾಜಿನ ನೂಲು ಮತ್ತು ಅಂಟಿನಿಂದ ದೋಣಿ ಮಾಡುವುದು 1940ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾಯಿತು. ನಿಧಾನವಾಗಿ ನಮ್ಮ ದೇಶಕ್ಕೂ ಬಂತು. 2004ರ ಡಿಸೆಂಬರ್ 26ರಂದು ಸುನಾಮಿ ಬಂದದ್ದು ನಿಮಗೆ ನೆನಪಿರಬಹುದು. ತಮಿಳುನಾಡಿನ ತೀರದಲ್ಲಿ ಸಾವಿರಾರು ದೋಣಿ ಒಡೆದುಹೋದವು. ಆಮೇಲೆ ಅಲ್ಲಿ ಅವಸರದಲ್ಲಿ ಸಾವಿರಾರು ಫೈಬರ್ ದೋಣಿ ಕಟ್ಟಿದರು. ಕಟ್ಟುವ ಶೆಡ್ಡುಗಳೂ ಒಮ್ಮೆಲೇ ಹೆಚ್ಚಾದವು.

ಫೈಬರ್ ದೋಣಿ ಹಗುರ. ಕೊಳೆಯುವುದಿಲ್ಲ. ಹುಳು ಹಿಡಿಯುವುದಿಲ್ಲ. ಮೀನುಗಾರರಿಗೆ ಅನುಕೂಲವೇ ಆಯಿತು, ಅದನ್ನು ಇಲ್ಲ ಅನ್ನುವುದಿಲ್ಲ. ಕಷ್ಟ ಬಂದದ್ದು ಕಟ್ಟುವವರಿಗೆ.

ದೋಣಿ ಹೇಗೆ ಕಟ್ತಾರೆ?

ಮಣ್ಣಿನ ಗೋಡೆ ಕಟ್ಟುವಾಗ ಮಣ್ಣಿಗೆ ಹುಲ್ಲು ಸೇರಿಸಿ ತುಳಿಯುತ್ತಾರೆ ಅಲ್ವಾ? ಬರೀ ಮಣ್ಣು ಬಿರುಕು ಬಿಡುತ್ತದೆ. ಬರೀ ಹುಲ್ಲು ನಿಲ್ಲುವುದಿಲ್ಲ. ಎರಡೂ ಸೇರಿದರೆ ಗಟ್ಟಿ. ಫೈಬರ್ ದೋಣಿಯೂ ಹಾಗೆಯೇ. ಇಲ್ಲಿ ಹುಲ್ಲಿನ ಜಾಗದಲ್ಲಿ ಗಾಜಿನ ನೂಲು. ಮಣ್ಣಿನ ಜಾಗದಲ್ಲಿ ರೆಸಿನ್ ಅನ್ನುವ ಅಂಟು.

ಮೊದಲು ದೋಣಿಯ ಅಚ್ಚು ಇರುತ್ತದೆ. ಇಡ್ಲಿ ತಟ್ಟೆಗೆ ಎಣ್ಣೆ ಸವರಿದ ಹಾಗೆ ಅಚ್ಚಿಗೆ ಮೇಣ ತಿಕ್ಕುತ್ತಾರೆ. ಇಲ್ಲದಿದ್ದರೆ ದೋಣಿ ಅಚ್ಚು ಬಿಟ್ಟು ಏಳುವುದಿಲ್ಲ. ಅದರ ಮೇಲೆ ಬಣ್ಣದ ಜೆಲ್‌ಕೋಟ್ ಬಳಿಯುತ್ತಾರೆ. ಆಮೇಲೆ ಗಾಜಿನ ನೂಲಿನ ಮ್ಯಾಟ್ ಹಾಸುತ್ತಾರೆ. ಅದರ ಮೇಲೆ ಬ್ರಷ್ಷಿನಿಂದ ರೆಸಿನ್ ಬಳಿಯುತ್ತಾರೆ. ಗಾಳಿ ಗುಳ್ಳೆ ಉಳಿಯದ ಹಾಗೆ ರೋಲರ್ ಎಳೆಯುತ್ತಾರೆ. ಮತ್ತೆ ಮ್ಯಾಟ್, ಮತ್ತೆ ರೆಸಿನ್. ಹೀಗೆ ಪದರದ ಮೇಲೆ ಪದರ.

ರೆಸಿನ್ ತಾನಾಗಿ ಬೇಗ ಗಟ್ಟಿಯಾಗುವುದಿಲ್ಲ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅದಕ್ಕೂ ಒಂದು ಹೆಪ್ಪು ಬೇಕು. ಅದನ್ನು ಕೆಟಲಿಸ್ಟ್ ಅಂತಾರೆ, ಕೆಲವರು ಹಾರ್ಡನರ್ ಅಂತಾರೆ. ಒಂದು ಕಿಲೋ ರೆಸಿನ್‌ಗೆ ಸುಮಾರು 10ರಿಂದ 20 ಎಂ.ಎಲ್. ಸಾಕು. ಜೊತೆಗೆ ಕೋಬಾಲ್ಟ್ ಅನ್ನುವ ನೇರಳೆ ಬಣ್ಣದ ದ್ರವವನ್ನೂ ಸ್ವಲ್ಪ ಹಾಕುತ್ತಾರೆ. ಹೆಪ್ಪು ಬಿದ್ದ ಮೇಲೆ ತಡ ಮಾಡುವ ಹಾಗಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅಂಟು ಬಿಸಿಯಾಗಿ ಗಟ್ಟಿಯಾಗುತ್ತದೆ. ಅದಕ್ಕೇ ಈ ಕೆಲಸ ಯಾವಾಗಲೂ ಅವಸರದ್ದು. ಮಧ್ಯದಲ್ಲಿ ನೀರು ಕುಡಿಯಲು ಎದ್ದರೂ ಬಕೆಟ್ಟಿನ ರೆಸಿನ್ ಹಾಳು. ಎಷ್ಟೋ ಕಡೆ ಕೂಲಿ ದಿನಕ್ಕಲ್ಲ, ದೋಣಿಗೆ ಇಷ್ಟು ಅಂತ. ಹಾಗಿದ್ದ ಮೇಲೆ ನಿಂತು ಉಸಿರು ಬಿಡುವವರು ಯಾರು?

ಎಲ್ಲ ಗಟ್ಟಿಯಾದ ಮೇಲೆ ಅಚ್ಚಿನಿಂದ ತೆಗೆದು ಅಂಚು ಕತ್ತರಿಸುತ್ತಾರೆ. ಗ್ರೈಂಡರ್ ಹಿಡಿದು ಉಜ್ಜುತ್ತಾರೆ. ಆಗ ಏಳುವ ಧೂಳಿನ ಮಾತು ಮುಂದೆ ಬರುತ್ತದೆ.

ಕುಡಿಯದೆ ತೂರಾಡುವುದು

ಶೆಡ್ಡಿನ ಹತ್ತಿರ ಹೋದರೆ ಒಂದು ಸಿಹಿಯಾದ, ಖಾರವಾದ ವಾಸನೆ ಮೂಗಿಗೆ ಹೊಡೆಯುತ್ತದೆ. ಅದು ಸ್ಟೈರೀನ್ ವಾಸನೆ. ನೂರು ಕಿಲೋ ರೆಸಿನ್‌ನಲ್ಲಿ ಹೆಚ್ಚು ಕಡಿಮೆ 35ರಿಂದ 45 ಕಿಲೋ ಸ್ಟೈರೀನೇ ಇರುತ್ತದೆ. ರೆಸಿನ್ ಬಳಿಯುವಾಗ ಅದರಲ್ಲಿ ಒಂದು ಪಾಲು ಆವಿಯಾಗಿ ಗಾಳಿಗೆ ಸೇರುತ್ತದೆ. ಕೆಲಸ ಮಾಡುವವರು ಆ ಗಾಳಿಯನ್ನೇ ಉಸಿರಾಡುತ್ತಾರೆ.

ಮೊದಲ ದಿನ ಕಣ್ಣು ಉರಿಯುತ್ತದೆ, ಗಂಟಲು ಕೆರೆಯುತ್ತದೆ. ನಾಲ್ಕು ದಿನ ಆದ ಮೇಲೆ ವಾಸನೆಯೇ ತಿಳಿಯುವುದಿಲ್ಲ. "ಅಭ್ಯಾಸ ಆಯ್ತು" ಅಂತಾರೆ. ಮೂಗಿಗೆ ಅಭ್ಯಾಸ ಆಯಿತು ಅಷ್ಟೆ. ತಲೆಗೆ ಅಭ್ಯಾಸ ಆಗುವುದಿಲ್ಲ. ಆವಿ ಒಳಗೆ ಹೋಗುತ್ತಲೇ ಇರುತ್ತದೆ.

ಇದರಿಂದ ಏನಾಗುತ್ತದೆ? ತಲೆ ಸುತ್ತುತ್ತದೆ. ತಲೆ ನೋಯುತ್ತದೆ. ವಾಂತಿ ಬಂದ ಹಾಗೆ ಆಗುತ್ತದೆ. ಸುಸ್ತು. ಮಾತು ಮರೆತುಹೋಗುತ್ತದೆ, ಸಣ್ಣದಕ್ಕೂ ಸಿಟ್ಟು ಬರುತ್ತದೆ. ನಡೆಯುವಾಗ ಕಾಲು ಹಿಡಿತಕ್ಕೆ ಸಿಗುವುದಿಲ್ಲ. ಸಂಜೆ ಮನೆಗೆ ಬಂದಾಗ ಹೀಗೆ ಇದ್ದರೆ ನಾವು ಏನು ಕೇಳುತ್ತೇವೆ? "ಇವತ್ತೂ ಕುಡ್ಕೊಂಡು ಬಂದ್ರಾ?" ಜಗಳ ಶುರು. ಆತ ಕುಡಿದೇ ಇಲ್ಲದಿರಬಹುದು. ಈ ಆವಿ ಸಾರಾಯಿಯ ಹಾಗೆಯೇ ಮಿದುಳನ್ನು ಮಂಕು ಮಾಡುತ್ತದೆ. ಕುಡಿದವರೂ ಇದೇ ನೆಪ ಹೇಳಬಹುದು, ಅದೂ ನಮಗೆ ಗೊತ್ತು! ಬಾಯಿ ವಾಸನೆ ನೋಡಿದರೆ ಯಾವುದು ಅಂತ ತಿಳಿಯುತ್ತದೆ. ಆವಿಯ ಮೇಲೆ ಸಾರಾಯಿಯನ್ನೂ ಕುಡಿದರೆ ಮಂಕು ಇನ್ನೂ ಹೆಚ್ಚು.

ವರ್ಷಗಟ್ಟಲೆ ಹೆಚ್ಚು ಆವಿ ಕುಡಿದವರಿಗೆ ಬಣ್ಣದ ವ್ಯತ್ಯಾಸ ಸರಿಯಾಗಿ ಕಾಣದಿರಬಹುದು. ಕಿವಿ ಮಂದವಾಗಬಹುದು. ಗ್ರೈಂಡರಿನ ಸದ್ದೂ ಸೇರಿದರೆ ಕಿವಿಗೆ ಎರಡು ಕಡೆಯಿಂದ ಪೆಟ್ಟು. ಲೋಕದ ಕ್ಯಾನ್ಸರ್ ತಜ್ಞರ ಒಂದು ಸಂಸ್ಥೆ ಫ್ರಾನ್ಸ್ ದೇಶದಲ್ಲಿದೆ. ಅದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ್ದು. ಸ್ಟೈರೀನ್ ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವ ಇದೆ ಎಂದು ಅದು 2018ರಲ್ಲಿ ಹೇಳಿತು. ಇದನ್ನು ಕೇಳಿ ಎದೆ ಒಡೆದುಕೊಳ್ಳಬೇಕಾಗಿಲ್ಲ. ಆ ಕೆಲಸ ಮಾಡಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಅಂತ ಅರ್ಥವಲ್ಲ. ಒಳಗೆ ಹೋಗುವ ಆವಿ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಅಂತ ಅರ್ಥ.

ಇನ್ನೊಂದು ವಿಷಯ. ಈ ಆವಿ ಗಾಳಿಗಿಂತ ಭಾರ. ಮೇಲಕ್ಕೆ ಹೋಗುವುದಿಲ್ಲ, ನೀರಿನ ಹಾಗೆ ಕೆಳಗೆ ಇಳಿದು ನಿಲ್ಲುತ್ತದೆ. ದೋಣಿಯ ಹೊಟ್ಟೆಯೊಳಗೆ ತುಂಬಿಕೊಳ್ಳುತ್ತದೆ. ರೆಸಿನ್ ಬಳಿಯುವವನು ಅದೇ ಹೊಟ್ಟೆಯೊಳಗೆ ಬಗ್ಗಿ ಕೆಲಸ ಮಾಡುತ್ತಾನೆ. ಹೊರಗೆ ನಿಂತ ಮಾಲೀಕರಿಗೆ "ಅಷ್ಟೇನೂ ವಾಸನೆ ಇಲ್ಲ" ಅನ್ನಿಸುತ್ತದೆ. ಒಳಗೆ ಬಗ್ಗಿದವನ ಮೂಗಿನ ಹತ್ತಿರ ಬೇರೆಯೇ ಲೆಕ್ಕ.

ಮಳೆಗಾಲದಲ್ಲಿ ಇದು ಇನ್ನೂ ಕಷ್ಟ. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ರಿಪೇರಿ ಕೆಲಸಕ್ಕೆ ಅದೇ ಹೊತ್ತು. ಹೊರಗೆ ಜಡಿಮಳೆ. ಒಳಗೆ ನೀರು ಬೀಳದ ಹಾಗೆ ಸುತ್ತಲೂ ಟಾರ್ಪಾಲು ಕಟ್ಟುತ್ತಾರೆ. ನೀರು ಒಳಗೆ ಬರುವುದಿಲ್ಲ, ಆವಿಯೂ ಹೊರಗೆ ಹೋಗುವುದಿಲ್ಲ. ಥಂಡಿ ಹೆಚ್ಚಾದ್ದರಿಂದ ರೆಸಿನ್ ಬೇಗ ಗಟ್ಟಿಯಾಗದು. ಆಗ ಕೈಗೆ ಬಂದಷ್ಟು ಹೆಪ್ಪು ಸುರಿಯುವವರೂ ಇದ್ದಾರೆ.

ನೀರಿನ ಹಾಗೆ ಕಾಣುವ ವಿಷ

ಇಡೀ ಶೆಡ್ಡಿನಲ್ಲಿ ನಮಗೆ ಹೆಚ್ಚು ಹೆದರಿಕೆ ಈ ಹೆಪ್ಪಿನದೇ. ನೋಡಲು ಬರೀ ನೀರು. ಬಣ್ಣವಿಲ್ಲ. ಒಂದು ಹನಿ ಕಣ್ಣಿಗೆ ಹಾರಿದರೆ ಕಣ್ಣು ಸುಟ್ಟುಹೋಗಬಹುದು. ದೃಷ್ಟಿಯೇ ಹೋಗಬಹುದು. ಬಾಟಲಿಯಿಂದ ಬಾಟಲಿಗೆ ಸುರಿಯುವಾಗಲೇ ಹನಿ ಹಾರುವುದು.

ಕಣ್ಣಿಗೆ ಬಿದ್ದರೆ ಏನು ಮಾಡಬೇಕು? ಆ ಕ್ಷಣವೇ ಶುದ್ಧ ನೀರು ಹಾಕಬೇಕು. ಆಸ್ಪತ್ರೆಗೆ ಓಡುವುದು ಆಮೇಲೆ. ರೆಪ್ಪೆ ಬಿಡಿಸಿ ಹಿಡಿದು ಹದಿನೈದು ಇಪ್ಪತ್ತು ನಿಮಿಷ ನೀರು ಹರಿಸುತ್ತಲೇ ಇರಬೇಕು. ಒಂದು ಚೊಂಬು ನೀರು ಎರಚಿದರೆ ಸಾಲದು. ಉಜ್ಜಬಾರದು. ಎದೆಹಾಲು, ಹರಳೆಣ್ಣೆ, ಜೇನು ಏನೂ ಹಾಕಬಾರದು. ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ ಹೋಗಲೇಬೇಕು. ಉರಿ ಕಡಿಮೆಯಾಯಿತು ಅಂತ ಸುಮ್ಮನಿದ್ದರೆ ಒಳಗೆ ಗಾಯ ಹೆಚ್ಚಾಗಬಹುದು. ಹಾಗಾಗಿ ಹೆಪ್ಪು ಸುರಿಯುವ ಜಾಗದಲ್ಲೇ ಒಂದು ನಲ್ಲಿ ಇರಬೇಕು. ನಲ್ಲಿ ಇಲ್ಲದಿದ್ದರೆ ಶುದ್ಧ ನೀರಿನ ದೊಡ್ಡ ಕ್ಯಾನಾದರೂ ಬೇಕು. ಕಣ್ಣು ಮುಚ್ಚುವ ಕನ್ನಡಕ ಬೇಕು. ದುಬಾರಿ ವಸ್ತುಗಳೇನೂ ಅಲ್ಲ ಇವು.

ಇದನ್ನು ಮನೆಗೆ ತರಲೇಬಾರದು. ಕುಡಿಯುವ ನೀರಿನ ಬಾಟಲಿಗೆ, ಜ್ಯೂಸಿನ ಬಾಟಲಿಗೆ ಹಾಕಿಡಲೇಬಾರದು. ಪಾತಿಯ ಸಣ್ಣ ಬಿರುಕು ಮುಚ್ಚಲು ಸ್ವಲ್ಪ ಹೆಪ್ಪು ಬಾಟಲಿಯಲ್ಲಿ ತಂದು ಹಂಚಿನ ಸಂದಿಯಲ್ಲಿ ಇಡುವುದುಂಟು. ಬಾಯಾರಿದ ಮಗು ನೀರೆಂದು ಕುಡಿದರೆ ಬಾಯಿ, ಗಂಟಲು, ಹೊಟ್ಟೆ ಎಲ್ಲ ಸುಡುತ್ತದೆ. ಜೀವವೇ ಹೋಗಬಹುದು. ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ. ಹತ್ತುವಾಗ ಮತ್ತೆ ಸುಡುತ್ತದೆ. ಬಾಟಲಿಯನ್ನೂ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ.

ಬೆಂಕಿಯ ಮಾತೂ ಇದೆ. ಹೆಪ್ಪು ಮತ್ತು ಕೋಬಾಲ್ಟ್ ಎರಡನ್ನೂ ನೇರವಾಗಿ ಒಂದಕ್ಕೊಂದು ಸೇರಿಸಿದರೆ ಭಗ್ಗನೆ ಬೆಂಕಿ ಏಳಬಹುದು, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ನಲ್ಲಿ ಚೆನ್ನಾಗಿ ಕಲಸಬೇಕು. ಆಮೇಲೆ ಹೆಪ್ಪು. ಹಳಬರಿಗೆ ಇದು ಗೊತ್ತು. ಹೊಸದಾಗಿ ಸೇರಿದ ಹುಡುಗರಿಗೆ ಯಾರೂ ಹೇಳಿರುವುದಿಲ್ಲ. ಉಳಿದ ರೆಸಿನ್ ಬಕೆಟ್ಟಿನಲ್ಲೇ ಬಿಟ್ಟರೆ ಅದು ಕಾದು ಹೊಗೆ ಬರುತ್ತದೆ. ಬ್ರಷ್ ತೊಳೆಯುವ ಅಸಿಟೋನ್ ಪೆಟ್ರೋಲಿನ ಹಾಗೆ ಹತ್ತಿಕೊಳ್ಳುತ್ತದೆ. ಬೀಡಿ ಸೇದುವವರು ಶೆಡ್ಡಿನಿಂದ ದೂರ ಹೋಗಿ ಸೇದಲಿ. ಸೇದದಿದ್ದರೆ ಇನ್ನೂ ಸಂತೋಷ.

ತುರಿಕೆ, ಧೂಳು, ಒಗೆಯುವ ಬಟ್ಟೆ

ಗಾಜಿನ ನೂಲು ಕೂದಲಿಗಿಂತ ಸಣ್ಣ. ಚರ್ಮಕ್ಕೆ ಚುಚ್ಚಿದರೆ ಕಾಣುವುದಿಲ್ಲ, ತುರಿಕೆ ಮಾತ್ರ ಬಿಡುವುದಿಲ್ಲ. ಕುತ್ತಿಗೆ, ಕೈ, ಬೆರಳಿನ ಸಂದಿಯಲ್ಲಿ ಕೆಂಪು ಗುಳ್ಳೆ ಏಳುತ್ತದೆ. ಕೆರೆದಷ್ಟೂ ನೂಲು ಒಳಗೆ ಹೋಗುತ್ತದೆ. ಕೆರೆಯದೆ ಮೊದಲು ತಣ್ಣೀರು ಸುರಿದು ತೊಳೆಯಬೇಕು. ಆಮೇಲೆ ಸೋಪು. ಅಂಟುಪಟ್ಟಿ ಒತ್ತಿ ಎಳೆದರೆ ಸ್ವಲ್ಪ ನೂಲು ಕಿತ್ತು ಬರುತ್ತದೆ. ಕೈಗೆ ಹತ್ತಿದ ರೆಸಿನ್ ತೆಗೆಯಲು ಹೆಚ್ಚಿನವರು ಅಸಿಟೋನ್‌ನಲ್ಲಿ ಕೈ ಅದ್ದುತ್ತಾರೆ. ಅದು ಚರ್ಮದ ಜಿಡ್ಡನ್ನೆಲ್ಲ ಹೀರಿ ಬಿರುಕು ಬಿಡಿಸುತ್ತದೆ. ರೆಸಿನ್ ಒಣಗುವ ಮೊದಲು ಬಟ್ಟೆಯಲ್ಲಿ ಒರೆಸಿ, ಸೋಪು ನೀರಿನಲ್ಲಿ ತೊಳೆಯುವುದೇ ಸರಿ. ಕೈಗೆ ರಾಸಾಯನಿಕಕ್ಕೆಂದೇ ಮಾಡಿದ ದಪ್ಪ ಗ್ಲೌಸು ಬೇಕು, ಹರಿದ ಕೂಡಲೇ ಬದಲಿಸಬೇಕು.

ಗ್ರೈಂಡರ್ ಹಿಡಿದಾಗ ಏಳುವ ಧೂಳು ಮೂಗು, ಗಂಟಲು, ಎದೆಗೆ ಹೋಗುತ್ತದೆ. ಒಣ ಕೆಮ್ಮು, ಉಬ್ಬಸ ಬರುತ್ತದೆ. ಮೊದಲೇ ದಮ್ಮು ಇದ್ದವರಿಗೆ ಇದು ಆಗದ ಕೆಲಸ.

ಹೆಚ್ಚಿನವರು ಮುಖಕ್ಕೆ ಬೈರಾಸು ಕಟ್ಟಿಕೊಳ್ಳುತ್ತಾರೆ. ಬೈರಾಸು ದೊಡ್ಡ ಧೂಳನ್ನು ಸ್ವಲ್ಪ ತಡೆಯುತ್ತದೆ. ಆವಿಯನ್ನು ತಡೆಯುವುದೇ ಇಲ್ಲ. ಕೊರೋನಾ ಕಾಲದಲ್ಲಿ ನಾವೆಲ್ಲ ಹಾಕಿಕೊಂಡ ಮಾಸ್ಕಿಗೂ ಆವಿ ನಿಲ್ಲುವುದಿಲ್ಲ. ಆವಿಗೆ ಕಾರ್ಬನ್ ಡಬ್ಬಿ ಇರುವ ಮಾಸ್ಕೇ ಆಗಬೇಕು. ಆ ಡಬ್ಬಿಯನ್ನೂ ಆಗಾಗ ಬದಲಿಸಬೇಕು. ಮಾಸ್ಕಿನ ಒಳಗೆ ವಾಸನೆ ಬಂತೆಂದರೆ ಡಬ್ಬಿ ಮುಗಿಯಿತು ಅಂತ ಲೆಕ್ಕ. ನಮ್ಮ ಸೆಕೆಯಲ್ಲಿ ಇದನ್ನು ದಿನವಿಡೀ ಹಾಕಿಕೊಂಡಿರುವುದು ಸುಲಭವಲ್ಲ. ಬೆವರು ಇಳಿಯುತ್ತದೆ, ಉಸಿರು ಕಟ್ಟುತ್ತದೆ. ಅದಕ್ಕೆ ಮಾಸ್ಕ್ ಒಂದನ್ನೇ ನಂಬಬಾರದು ಅಂತ ನಮ್ಮ ಅಭಿಪ್ರಾಯ. ಗಾಳಿ ಆಡುವ ಹಾಗೆ ಮಾಡುವುದು ಮೊದಲು. ದೋಣಿಯ ಹೊಟ್ಟೆಗೆ ಒಂದು ಕಡೆಯಿಂದ ಫ್ಯಾನ್ ಹಾಕಿ ಹೊಸ ಗಾಳಿ ಬಿಡಬೇಕು. ಕೆಳಗೆ ನಿಂತ ಆವಿಯನ್ನು ಇನ್ನೊಂದು ಫ್ಯಾನಿನಿಂದ ಹೊರಗೆ ಎಳೆಯಬೇಕು. ರೆಸಿನ್ ಡಬ್ಬಿಗೆ ಮುಚ್ಚಳ ಹಾಕಬೇಕು. ಇದು ಮಾಲೀಕರು ಮಾಡಿಕೊಡಬೇಕಾದ ಕೆಲಸ, ಕೂಲಿಯವರು ಜೇಬಿನಿಂದ ಮಾಡುವುದಲ್ಲ. ಒಬ್ಬರೇ ಕೇಳಿದರೆ "ನಾಳೆಯಿಂದ ಬರಬೇಡ" ಅನ್ನಬಹುದು. ಆರು ಜನ ಕೂಡಿ ಕೇಳಿದರೆ ಹಾಗೆ ಅನ್ನುವುದು ಕಷ್ಟ.

ಇನ್ನು ನಮ್ಮ ಕೈಯಲ್ಲಿ ಇರುವ ಕೆಲಸ. ಶೆಡ್ಡಿನ ಬಟ್ಟೆಯನ್ನು ಹೊರಗೇ ಬಿಚ್ಚಿಸಿ. ಅದೇ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳಲು ಬಿಡಬೇಡಿ. ಸ್ನಾನ ಆದ ಮೇಲೆ ಊಟ. ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲೇ ನೆನೆಸಿ. ಮಕ್ಕಳ ಬಟ್ಟೆ, ಸೀರೆ ಜೊತೆ ಹಾಕಿದರೆ ನೂಲು ಅವಕ್ಕೂ ಅಂಟಿ ಮನೆಮಂದಿಗೆಲ್ಲ ತುರಿಕೆ. ಒಣ ಬಟ್ಟೆಯನ್ನು ಅಂಗಳದಲ್ಲಿ ಕೊಡವಿದರೆ ಧೂಳು ನಮ್ಮ ಮೂಗಿಗೇ. ನೀರಿಗೆ ಅದ್ದಿದ ಮೇಲೆ ಮುಟ್ಟಿ.

ಬಸುರಿಯರು ರೆಸಿನ್ ಬಳಿಯುವ ಜಾಗದಲ್ಲಿ ಕೆಲಸ ಮಾಡದಿರುವುದೇ ಕ್ಷೇಮ. ಬಸುರಿ ಎಂದು ತಿಳಿದ ಕೂಡಲೇ ದಾದಿಗೆ, ಡಾಕ್ಟರಿಗೆ ಯಾವ ಕೆಲಸ ಅಂತ ಹೇಳಿ.

ಶೆಡ್ಡಿನಿಂದ ಖಾಲಿ ಡ್ರಮ್ಮು, ಕ್ಯಾನು ಅಗ್ಗಕ್ಕೆ ಸಿಗುತ್ತದೆ. ನೀರಿಗೆ ಬರಗಾಲ ಇರುವ ಬೇಸಿಗೆಯಲ್ಲಿ ಆಸೆಯಾಗುವುದು ಸಹಜ. ರೆಸಿನ್, ಹೆಪ್ಪು, ಅಸಿಟೋನ್ ಬಂದ ಡ್ರಮ್ಮಿನಲ್ಲಿ ಕುಡಿಯುವ ನೀರು, ಅಕ್ಕಿ ಇಡಬೇಡಿ. ಎಷ್ಟು ತೊಳೆದರೂ ಬೇಡ. ದೋಣಿಯ ಮುರಿದ ಚೂರನ್ನು ಒಲೆಗೂ ಹಾಕಬೇಡಿ. ಕರಿ ಹೊಗೆ ಬರುತ್ತದೆ, ಅದು ವಿಷದ ಹೊಗೆ.

ಓದು ಬರಹ ಇಲ್ಲಿ ಬೇಕು

ಡಬ್ಬಿಗಳ ಮೇಲಿನ ಬರಹ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಆದರೆ ಚಿತ್ರ ಓದಲು ಇಂಗ್ಲಿಷ್ ಬೇಡ. ಕೆಂಪು ಗೆರೆಯ ಚೌಕ ಮೂಲೆಯ ಮೇಲೆ ನಿಂತ ಹಾಗೆ ಇರುತ್ತದೆ. ಅದರ ಒಳಗೆ ಬೆಂಕಿಯ ಚಿತ್ರ ಇದ್ದರೆ ಹತ್ತಿಕೊಳ್ಳುವ ವಸ್ತು. ಕೈಯ ಮೇಲೆ ಹನಿ ಬಿದ್ದು ಸುಡುವ ಚಿತ್ರ ಇದ್ದರೆ ಚರ್ಮ, ಕಣ್ಣು ಸುಡುವ ವಸ್ತು. ಮನುಷ್ಯನ ಎದೆಯ ಮೇಲೆ ನಕ್ಷತ್ರದ ಹಾಗೆ ಒಡೆದ ಗುರುತು ಇದ್ದರೆ ನಿಧಾನವಾಗಿ ಒಳಗಿನ ಆರೋಗ್ಯ ಕೆಡಿಸುವ ವಸ್ತು. ಮನೆಯವರು ಕೆಲಸ ಮಾಡುವ ಕಡೆ ಇಂಥ ಡಬ್ಬಿ ಇದೆಯೇ ಅಂತ ಕೇಳಿ ನೋಡಿ.

ಡಾಕ್ಟರ ಹತ್ತಿರ ಹೋದಾಗ "ತಲೆನೋವು" ಅಂತ ಮಾತ್ರ ಹೇಳಿ ಬರುತ್ತೇವೆ. ಅವರು ತಲೆನೋವಿನ ಮಾತ್ರೆ ಕೊಡುತ್ತಾರೆ. ನಾಳೆ ಮತ್ತೆ ಅದೇ ಶೆಡ್ಡು, ಅದೇ ತಲೆನೋವು. "ಫೈಬರ್ ದೋಣಿ ಕಟ್ಟುವ ಕೆಲಸ, ರೆಸಿನ್ ಬಳಿಯುವುದು" ಅಂತ ನಾವೇ ಮೊದಲು ಹೇಳಬೇಕು. ಭಾನುವಾರ ರಜೆಯಲ್ಲಿ ತಲೆನೋವು ಇಲ್ಲ, ಸೋಮವಾರ ಸಂಜೆಗೆ ಬರುತ್ತದೆ ಅಂತಾದರೆ ಅದನ್ನೂ ಹೇಳಬೇಕು. ಕಾರಣ ಎಲ್ಲಿದೆ ಅಂತ ಅದರಿಂದಲೇ ಡಾಕ್ಟರಿಗೆ ಸುಳಿವು ಸಿಗುತ್ತದೆ.

ಹತ್ತು ಅಥವಾ ಹೆಚ್ಚು ಜನ ಇರುವ ಕಾರ್ಖಾನೆಯಾದರೆ ಇ.ಎಸ್.ಐ. ಇದೆಯೇ ಅಂತ ಕೇಳಿ. ನಮ್ಮ ಕಡೆಯ ಶೆಡ್ಡುಗಳಲ್ಲಿ ಎಷ್ಟೋ ಸಲ ನಾಲ್ಕೈದು ಜನರೇ ಇರುತ್ತಾರೆ. ಅಂಥ ಕಡೆಯೂ ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೇಳುವ ಹಕ್ಕು ಕಾನೂನಿನಲ್ಲಿದೆ. ಆದರೆ ಕೇಳಲು ಹೋದಾಗ "ಈತ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ" ಅಂದುಬಿಟ್ಟರೆ? ಹಾಜರಿ ಪುಸ್ತಕ ಇಲ್ಲ, ಸಂಬಳದ ಚೀಟಿ ಇಲ್ಲ. ನಮ್ಮವರ ಕೈ ಬಾಯಿ ಕಟ್ಟಿಹೋಗುವುದು ಇಲ್ಲೇ.

ಒಂದು ನೋಟ್‌ಪುಸ್ತಕ ಮಾಡಿ. ಮನೆಯವರು ಕೆಲಸದಿಂದ ಬಂದ ಮೇಲೆ ದಿನಕ್ಕೆ ಎರಡು ಸಾಲು ಸಾಕು. ತಾರೀಕು. ಯಾವ ಶೆಡ್ಡು. ಎಷ್ಟು ಗಂಟೆ. ಎಷ್ಟು ಕೂಲಿ ಬಂತು. ಆ ದಿನ ತಲೆನೋವು, ತುರಿಕೆ, ಪೆಟ್ಟು ಏನಾದರೂ ಆಯಿತೇ. ಹೀಗೆ ಬರೆಯಬಹುದು:

ಜೂನ್ 12. ಬೋಟ್ ರಿಪೇರಿ. ಬೆಳಿಗ್ಗೆ 8ರಿಂದ ಸಂಜೆ 6. ಟಾರ್ಪಾಲು ಕಟ್ಟಿತ್ತು. ತಲೆನೋವು, ಒಂದು ಸಲ ವಾಂತಿ. ಕೂಲಿ ಬಾಕಿ.

ಡಾಕ್ಟರು ಕೊಟ್ಟ ಚೀಟಿಗಳನ್ನು ಅದೇ ಪುಸ್ತಕದ ಒಳಗೆ ಇಡಿ. ಶೆಡ್ಡಿನ ಡಬ್ಬಿಗಳ ಹೆಸರನ್ನು ಕೊನೆಯ ಪುಟದಲ್ಲಿ ಬರೆಸಿಡಿ. ಇಂಗ್ಲಿಷ್ ಅಕ್ಷರ ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳು ನೋಡಿ ಬರೆದುಕೊಡುತ್ತಾರೆ. ಅಥವಾ ಮೊಬೈಲಿನಲ್ಲಿ ಡಬ್ಬಿಯ ಫೋಟೋ ತೆಗೆದು ತರಲು ಹೇಳಿ. ಅದರ ಅರ್ಥ ಆಸ್ಪತ್ರೆಯಲ್ಲಿ ತಿಳಿದುಕೊಳ್ಳುತ್ತಾರೆ.